ಬೆಣ್ಣೆ ತಿಮ್ಮಯ್ಯನ ಮಗಳು

ಉಷಾರಾಣಿ ಬೇಲೂರಿನ ಒಂದು ಸಣ್ಣ ಲ್ಯಾಬಿನಲ್ಲಿ ಇಪ್ಪತ್ತೆರಡು ವರ್ಷಗಳಿಂದ ರಕ್ತ ತೆಗೆಯುವ ಕೆಲಸ ಮಾಡುತ್ತಿದ್ದಳು. ಸೂಜಿ ಚುಚ್ಚಿದ್ದೇ ಗೊತ್ತಾಗುವುದಿಲ್ಲ ಎಂದು ಅವಳ ಕೈಗೆ ಹೆಸರಿತ್ತು. ಅರೇಹಳ್ಳಿ ಕಡೆಯಿಂದ ಬೆಳಗಿನ ಬಸ್ಸಿಗೆ ಖಾಲಿ ಹೊಟ್ಟೆಯಲ್ಲಿ ಬರುವವರು, ಅವಳು ರಜೆ ಎಂದು ತಿಳಿದರೆ ‘ನಾಳೆನೇ ಬರ್ತೀವಿ ಬಿಡಿ’ ಎಂದು ವಾಪಸು ಹೋಗಿಬಿಡುತ್ತಿದ್ದರು. ಹಾಗೆ ಸಾವಿರಾರು ಜನರ ರಕ್ತ ನೋಡಿದವಳು ತನ್ನದನ್ನು ಮಾತ್ರ ನಲವತ್ತೇಳು ತುಂಬುವವರೆಗೂ ನೋಡಿಕೊಂಡಿರಲಿಲ್ಲ.

ಹೋದ ವರ್ಷ ಯುಗಾದಿಯ ಹಿಂದೆಮುಂದೆ ಕಾಲ್ಬೆರಳಿಗೆ ಆದ ಒಂದು ಸಣ್ಣ ಗಾಯ ಮೂರು ವಾರವಾದರೂ ಒಣಗಲಿಲ್ಲ. ಅನುಮಾನ ಬಂದು ಒಂದು ಬೆಳಿಗ್ಗೆ ತನ್ನ ಎಡಗೈಗೆ ತಾನೇ ಪಟ್ಟಿ ಕಟ್ಟಿಕೊಂಡು, ಪಟ್ಟಿಯ ತುದಿಯನ್ನು ಹಲ್ಲಿನಲ್ಲಿ ಕಚ್ಚಿ ಹಿಡಿದು ರಕ್ತ ತೆಗೆದಳು. ಮೂರು ತಿಂಗಳ ಸಕ್ಕರೆಯ ಸರಾಸರಿ ಎಂಟು ಪಾಯಿಂಟ್ ನಾಲ್ಕು ಬಂತು. ಆರೂವರೆ ದಾಟಿದರೆ ಸಕ್ಕರೆ ಕಾಯಿಲೆ ಎಂದು ದಿನಕ್ಕೆ ಹತ್ತು ಮಂದಿಗೆ ಹೇಳುವವಳು ಆ ಕಾಗದವನ್ನು ನಾಲ್ಕು ಮಡಿಕೆ ಮಾಡಿ ಪರ್ಸಿಗೆ ಹಾಕಿಕೊಂಡಳು.

ಗಂಡ ಚಿದಂಬರ ತಾಲ್ಲೂಕು ಆಫೀಸಿನ ಎದುರು ಜೆರಾಕ್ಸ್ ಅಂಗಡಿ ಇಟ್ಟವನು. ಗಾಬರಿಯಾದರೆ ಮಾತು ಕಡಿಮೆ ಮಾಡುವ ಮನುಷ್ಯ. ಅವನು ಕಾಗದವನ್ನು ಎರಡು ಸಲ ಓದಿ, “ಮಾತ್ರೆ ಶುರು ಮಾಡು” ಎಂದಷ್ಟೇ ಹೇಳಿದ. ದಾರಿ ತೋರಿಸಿದ್ದು ಮಗಳು ಚೈತನ್ಯ. ಅವಳು ಹಾಸನದಲ್ಲಿ ಬಿಎಸ್ಸಿ ಓದುತ್ತಿದ್ದಳು.

“ಅಮ್ಮಾ, ಈ ವಿಡಿಯೋ ನೋಡು. ಲೋ ಕಾರ್ಬ್ ಅಂತ. ನಮ್ಮ ಫ್ರೆಂಡ್ ಅಪ್ಪಂಗೆ ಮಾತ್ರೇನೇ ನಿಂತುಹೋಯ್ತಂತೆ.”

ವಿಡಿಯೋದಲ್ಲಿದ್ದಾತ ತುಂಬ ಧೈರ್ಯದಿಂದ ಮಾತಾಡುತ್ತಿದ್ದ. ಅನ್ನ ಇಲ್ಲ, ಮುದ್ದೆ ಇಲ್ಲ, ಇಡ್ಲಿ ದೋಸೆ ಇಲ್ಲ, ಬಾಳೆಹಣ್ಣೂ ಇಲ್ಲ. ಹಾಲಿನಲ್ಲಿಯೂ ಸಕ್ಕರೆ ಇದೆ, ಆದ್ದರಿಂದ ಹಾಲು, ಕಾಫಿ, ಟೀ ಬಂದ್. ಆದರೆ ಬೆಣ್ಣೆ, ತುಪ್ಪ, ಪನೀರ್ ಎಷ್ಟು ಬೇಕಾದರೂ ತಿನ್ನಬಹುದು, ಕೊಬ್ಬಿಗೆ ಹೆದರಬೇಡಿ ಎಂದ. ಉಷಾರಾಣಿ ಹಟದ ಹೆಂಗಸು. ಮಾತ್ರೆಯ ಮಾತು ಬಿಟ್ಟು ಮಾರನೆಯ ದಿನದಿಂದಲೇ ಈ ಪಥ್ಯ ಶುರು ಮಾಡಿದಳು.

ಮೊದಲ ಹತ್ತು ದಿನ ತಲೆನೋವು, ಸಿಡುಕು. ಆಮೇಲೆ ಅಚ್ಚರಿಯೆಂದರೆ, ಹುಟ್ಟಿದಾಗಿನಿಂದ ತಿಂದ ಮುದ್ದೆ ಅವಳಿಗೆ ನೆನಪಾಗಲಿಲ್ಲ. ಮಗಳು ಪಕ್ಕದಲ್ಲೇ ಕೂತು ಅನ್ನ ಕಲಸಿದರೂ ಆಸೆಯಾಗಲಿಲ್ಲ. ಹಿಂಸೆ ಕೊಟ್ಟಿದ್ದು ಹಾಲು. ಬೆಳಿಗ್ಗೆ ಒಲೆಯ ಮೇಲೆ ಹಾಲು ಉಕ್ಕುವ ವಾಸನೆಗೆ ಕೈಯ ಕೆಲಸ ಬಿಟ್ಟು ಬಂದು ನಿಲ್ಲುತ್ತಿದ್ದಳು. ಚಿದಂಬರ ಲೋಟದಲ್ಲಿ ಕಾಫಿ ನೊರೆ ಬರಿಸುತ್ತಿದ್ದರೆ ಹಿತ್ತಲಿಗೆ ಎದ್ದುಹೋಗುತ್ತಿದ್ದಳು. ಒಂದು ದಿನ ಹಾಲಿನ ಪಾತ್ರೆಯ ಮುಚ್ಚಳಕ್ಕೆ ಅಂಟಿದ್ದ ಕೆನೆಯನ್ನು ಬೆರಳಿನಿಂದ ಬಳಿದು, ಸಿಂಕಿನ ಕಡೆ ತಿರುಗಿ ನಿಂತುಕೊಂಡು ನೆಕ್ಕಿದಳು. ನಲವತ್ತೇಳು ವರ್ಷದವಳು ಕದ್ದು ತಿನ್ನುತ್ತಿದ್ದೇನಲ್ಲ ಎಂದು ನಗು ಬಂತು. ಮತ್ತೆ ಬಳಿದಳು.

ಬೆಣ್ಣೆಗೆ ಅಪ್ಪಣೆಯಿತ್ತಲ್ಲ, ಅಂಗಡಿಯಿಂದ ಪೊಟ್ಟಣದ ಬೆಣ್ಣೆ ತಂದಳು. ಹಳದಿ ಬಣ್ಣ, ಉಪ್ಪುಪ್ಪು ರುಚಿ. ಒಂದು ಚಮಚ ಬಾಯಿಗಿಟ್ಟುಕೊಂಡು, ‘ಇದಲ್ಲ’ ಎಂದುಕೊಂಡಳು. ಯಾವುದು ಎಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು.

ಅವಳ ಅಪ್ಪ ತಿಮ್ಮಯ್ಯ ಹಳೇಬೀಡಿನವನು. ಎರಡು ಎಕರೆ ರಾಗಿ ಹೊಲ ಇತ್ತು. ಆದರೆ ಹೊಲಕ್ಕಿಂತ ಹೆಚ್ಚಾಗಿ ಅವನನ್ನು ಸುತ್ತಲಿನವರು ಬಲ್ಲದ್ದು ಬೆಣ್ಣೆ ತಿಮ್ಮಯ್ಯ ಎಂದು. ವಾರಕ್ಕೆ ಎರಡು ಸಲ ಹಗರೆ, ಗೆಂಡೆಹಳ್ಳಿ ಕಡೆಯ ಸಂತೆ ಸುತ್ತಿ ಹೆಂಗಸರು ತಂದ ಬೆಣ್ಣೆ ಕೊಳ್ಳುತ್ತಿದ್ದ. ನೀರು ತುಂಬಿದ ತಗಡಿನ ಡಬ್ಬಗಳಲ್ಲಿ ಉಂಡೆಗಳನ್ನು ತೇಲಿಬಿಟ್ಟು, ಬಸ್ಸಿನ ಮೇಲೆ ಹಾಕಿಸಿ, ಜಾವಗಲ್ಲು ಬಾಣಾವರದ ದಾರಿಯಲ್ಲಿ ಅರಸೀಕೆರೆಗೆ ಒಯ್ಯುತ್ತಿದ್ದ. ಅಲ್ಲಿಯ ಮಿಠಾಯಿ ಅಂಗಡಿಯವರು ಅವನ ದಾರಿ ಕಾಯುತ್ತಿದ್ದರು. ಬೆಣ್ಣೆಗೆ ಬಾಳೆಹಣ್ಣು ಕಿವುಚಿ ಬೆರೆಸಿದರೆ, ಡಾಲ್ಡ ಸೇರಿಸಿದರೆ ಮೂಗಿನಲ್ಲೇ ಹಿಡಿಯುತ್ತಿದ್ದ. ಹೆಬ್ಬೆರಳ ಉಗುರಿನಲ್ಲಿ ಒಂದಿಷ್ಟು ಗೀರಿ ನಾಲಿಗೆಗಿಟ್ಟುಕೊಂಡು, ಕಣ್ಣು ಮುಚ್ಚಿ, “ಇದು ಮೂರು ದಿನದ ಮೊಸರಿಂದು” ಎನ್ನುತ್ತಿದ್ದ. ಸುಳ್ಳಾಗುತ್ತಿರಲಿಲ್ಲ.

ಉಳಿದ ಬೆಣ್ಣೆಯನ್ನು ಮನೆಯಲ್ಲಿ ಕಾಸುವ ದಿನ ಹಬ್ಬ. ಅವ್ವ ಜಾನಕಮ್ಮ ತುಪ್ಪ ಇಳಿಸುವ ಹೊತ್ತಿಗೆ ಎರಡು ವೀಳ್ಯದೆಲೆ ಹಾಕುವಳು. ಎಲೆ ಚಟಪಟ ಎಂದು ಗರಿಯಾಗುವುದು. ತಳದಲ್ಲಿ ಉಳಿದ ಗಸಿಗೆ ನುಗ್ಗೆಸೊಪ್ಪು ಹಾಕಿ ಹುರಿದು, ಉಪ್ಪು ಉದುರಿಸಿ, ಉಷಾರಾಣಿಗೂ ತಮ್ಮ ಅರುಣನಿಗೂ ಪಾಲು ಮಾಡುವಳು. ಅಪ್ಪ ಅದನ್ನು ಕೇಳುತ್ತಿರಲಿಲ್ಲ. ಕಾಸುವ ಮೊದಲೇ ನಿಂಬೆಹಣ್ಣಿನ ಗಾತ್ರದ ಬೆಣ್ಣೆ ತೆಗೆದುಕೊಂಡು, ಒಂದು ಚೂರು ಬೆಲ್ಲ ಹಚ್ಚಿ, ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡು, ಅವಳಿಗೊಂದು ತುತ್ತು ತನಗೊಂದು ತುತ್ತು ಹಾಕಿಕೊಂಡು ಮುಗಿಸುತ್ತಿದ್ದ. ಅವನ ಅಂಗಿಯಲ್ಲಿ ಯಾವಾಗಲೂ ಹುಳಿಮೊಸರಿನ ವಾಸನೆ. ಸ್ಕೂಲಿನಲ್ಲಿ ಹುಡುಗಿಯರು ಅವಳ ಪುಸ್ತಕವನ್ನೂ ಮೂಸಿ ನೋಡಿ ನಗುತ್ತಿದ್ದರು. ಆಗ ಅದು ಅವಳಿಗೆ ನಾಚಿಕೆಯ ಸಂಗತಿಯಾಗಿತ್ತು.

ಐವತ್ತೊಂದನೆಯ ವಯಸ್ಸಿನಲ್ಲಿ, ಅರಸೀಕೆರೆಗೆ ಹೋಗುವ ಬಸ್ಸಿನಲ್ಲಿ, ಜಾವಗಲ್ಲು ದಾಟುತ್ತಿದ್ದಂತೆ ಎದೆ ಹಿಡಿದುಕೊಂಡು ಪಕ್ಕದವನ ಮೇಲೆ ಒರಗಿದ ತಿಮ್ಮಯ್ಯ ಮತ್ತೆ ಏಳಲಿಲ್ಲ. ಆಗ ಉಷಾರಾಣಿಗೆ ಮದುವೆಯಾಗಿ ವರ್ಷ ತುಂಬಿತ್ತು. ಇಪ್ಪತ್ತೊಂದು ವರ್ಷದ ಹಿಂದಿನ ಮಾತು. ದುಡಿದು ದುಡಿದು ದೇಹ ಸೋತಿತು ಎಂದು ಊರವರು ಹೇಳಿದರು. ಮನೆಯವರೂ ಹಾಗೆಯೇ ನಂಬಿದರು.

ಆಷಾಢದ ಒಂದು ಬೆಳಿಗ್ಗೆ ಗೆಂಡೆಹಳ್ಳಿಯ ಹನುಮಮ್ಮ ಎಂಬ ಮುದುಕಿ ಥೈರಾಯ್ಡ್ ಪರೀಕ್ಷೆಗೆ ಲ್ಯಾಬಿಗೆ ಬಂದಳು. ಎಪ್ಪತ್ತು ದಾಟಿದ ಗಟ್ಟಿ ಜೀವ. ಕೈ ನೀಡಿದಾಗ ಉಷಾರಾಣಿಗೆ ಆ ಮುಂಗೈಯಿಂದ ಗುರುತಿನ ವಾಸನೆ ಬಂತು.

“ಮನೇಲಿ ಬೆಣ್ಣೆ ತೆಗೀತೀರಾ ಅಜ್ಜಿ?”

“ಹೂಂ ಕಣವ್ವ. ಎಲ್ರೂ ಹಾಲ್ನ ಡೈರಿಗೆ ಹಾಕ್ತಾರೆ. ನಮ್ಮ ಸೊಸೇನೂ ಹಾಕ್ತಾಳೆ. ನಾನೊಂದು ಹಸೀನ ನಂದು ಅಂತ ಇಟ್ಕಂಡಿವ್ನಿ. ಅದರ ಹಾಲು ಡೈರಿಗೆ ಕೊಡಾಕಿಲ್ಲ. ಕಡೀದೆ ಇದ್ರೆ ನಂಗೆ ಕೈ ಸುಮ್ನಿರಾಕಿಲ್ಲ.” ಮುದುಕಿ ಅವಳ ಮುಖವನ್ನೇ ನೋಡಿದಳು. “ನಿಂದು ಯಾವೂರವ್ವ?”

“ಹಳೇಬೀಡು. ನಮ್ಮಪ್ಪನೂ ಬೆಣ್ಣೆ ವ್ಯಾಪಾರ ಮಾಡ್ತಿದ್ರು. ತಿಮ್ಮಯ್ಯ ಅಂತ.”

“ಅಯ್ಯೋ ನಮ್ಮವ್ವ! ಬೆಣ್ಣೆ ತಿಮ್ಮಯ್ಯನ ಮಗಳಾ ನೀನು?” ಸೂಜಿ ಚುಚ್ಚುವ ಮೊದಲೇ ಹನುಮಮ್ಮನ ಕಣ್ಣಲ್ಲಿ ನೀರು. “ಆ ಪುಣ್ಯಾತ್ಮ ನನ್ನ ಬೆಣ್ಣೇನ ಒಂದು ದಿನ ಹಿಂದಕ್ಕೆ ಕಳಿಸ್ನಿಲ್ಲ. ಬಾರವ್ವ ಊರಿಗೆ, ಭಾನುವಾರ ಬಾ. ಬೆಣ್ಣೆ ತಿನ್ನಿಸ್ತೀನಿ.”

ಉಷಾರಾಣಿ ಹೋದಳು. ಹನುಮಮ್ಮ ಅವಳ ಎದುರಿಗೇ ಮೊಸರು ಕಡೆದು, ಬೆಣ್ಣೆಯನ್ನು ತಣ್ಣೀರಲ್ಲಿ ಮೂರು ಸಲ ತೊಳೆದು, ಮುತ್ತುಗದ ಎಲೆಯ ಮೇಲೆ ಉಂಡೆ ಇಟ್ಟಳು. ಬೆಳ್ಳಗೆ, ಮೇಲೆ ನೀರಿನ ಹನಿ. ಬಾಯಿಗಿಟ್ಟುಕೊಂಡಾಗ ಅದು ನಾಲಿಗೆಯ ಮೇಲೆ ತಣ್ಣಗೆ ಒಡೆದು, ಹಿಂದೆ ಒಂದಿಷ್ಟು ಹುಳಿ ಉಳಿಯಿತು. ಅವಳು ಗೋಡೆಗೆ ಒರಗಿ ಕೂತಳು.

ಹನುಮಮ್ಮನೇ ಮಾತಾಡಿದಳು. ತಿಮ್ಮಯ್ಯ ಸಂತೆಗೆ ಬಂದರೆ ಮೊದಲು ಹೆಂಗಸರ ಮಕ್ಕಳ ಹೆಸರು ಕೇಳುತ್ತಿದ್ದನಂತೆ. ಒಂದು ಸಲ ಇವಳ ಬೆಣ್ಣೆ ಬಿಸಿಲಿಗೆ ಕರಗಿ ಎಲೆಯಿಂದ ಸೋರತೊಡಗಿದಾಗ, ತನ್ನ ಟವೆಲನ್ನೇ ಒದ್ದೆ ಮಾಡಿ ಹೊದಿಸಿದ್ದನಂತೆ. “ನನ್ನ ಮಗಳು ರಕ್ತ ಟೆಸ್ಟ್ ಮಾಡೋದು ಓದ್ತಾವ್ಳೆ, ನಾನು ಬೆಣ್ಣೆ ಟೆಸ್ಟ್ ಮಾಡೋನು, ಅವಳು ಮನುಷ್ಯರ್ನೇ ಟೆಸ್ಟ್ ಮಾಡ್ತಾಳೆ” ಎಂದು ಸಂತೆಯಲ್ಲೆಲ್ಲ ಹೇಳಿಕೊಂಡು ತಿರುಗಿದ್ದನಂತೆ. ಇದನ್ನು ಉಷಾರಾಣಿ ಕೇಳಿರಲಿಲ್ಲ. ಮನೆಯಲ್ಲಿ ಅಪ್ಪ ಅವಳ ಓದಿನ ಬಗ್ಗೆ ಒಂದು ಮಾತೂ ಆಡಿದವನಲ್ಲ.

ಅಂದಿನಿಂದ ಭಾನುವಾರ ತಪ್ಪಲಿಲ್ಲ. ಹೋದಾಗಲೆಲ್ಲ ಒಂದು ಹೊಸ ಮಾತು, ಒಂದು ಉಂಡೆ ಬೆಣ್ಣೆ. ವಾರಕ್ಕಾಗುವಷ್ಟು ಸ್ಟೀಲ್ ಡಬ್ಬಿಯಲ್ಲಿ ಕಟ್ಟಿಸಿಕೊಂಡೂ ಬರುತ್ತಿದ್ದಳು. ಬೆಳಿಗ್ಗೆ ಒಂದು ಉಂಡೆ, ಹನ್ನೊಂದು ಗಂಟೆಗೆ ಒಂದು, ಸಂಜೆ ಪಲ್ಯದ ಜೊತೆ ಒಂದು. ಮನೆಯಲ್ಲಿ ಚಿದಂಬರ ಡಬ್ಬಿ ನೋಡಿ, “ಇಷ್ಟೊಂದಾ?” ಎಂದ ಮೇಲೆ ಅದನ್ನು ಲ್ಯಾಬಿನ ಫ್ರಿಜ್ಜಿಗೆ ಸಾಗಿಸಿದಳು. ಪರೀಕ್ಷೆಯ ರಾಸಾಯನಿಕ ಇಡುವ ಫ್ರಿಜ್ಜು. ತಿನ್ನುವ ಪದಾರ್ಥ ಇಡಬಾರದು ಎಂದು ಅದರ ಬಾಗಿಲಿಗೆ ಚೀಟಿ ಬರೆದು ಅಂಟಿಸಿದವಳೂ ಅವಳೇ.

ನಾಲ್ಕು ತಿಂಗಳಲ್ಲಿ ಒಂಬತ್ತು ಕೆಜಿ ಇಳಿದಳು. ಸಕ್ಕರೆ ಆರು ಪಾಯಿಂಟ್ ಮೂರಕ್ಕೆ ಬಂತು. ಲ್ಯಾಬಿಗೆ ಬಂದವರೆಲ್ಲ ಏನು ಮಾಡಿದಿರಿ ಎಂದು ಕೇಳುವವರೇ. ಅವಳೂ ಖುಷಿಯಾಗಿ ಹೇಳುತ್ತಿದ್ದಳು. ಆದರೆ ಕಾರ್ತಿಕದ ಹೊತ್ತಿಗೆ ಮೆಟ್ಟಿಲು ಹತ್ತಿದರೆ ಎದೆಯ ಮೇಲೆ ಯಾರೋ ಅಂಗೈ ಇಟ್ಟ ಹಾಗೆ ಆಗತೊಡಗಿತು. ಮುಂಜಾನೆ ಒಂದೆರಡು ಸಲ ತಲೆ ತಿರುಗಿತು. ಗ್ಯಾಸ್ ಇರಬೇಕು ಎಂದುಕೊಂಡಳು. ಬೇರೆಯವರು ಬಂದು ಹೀಗೆ ಅಂದಿದ್ದರೆ ಅವಳು ಸುಮ್ಮನೆ ಬಿಡುತ್ತಿರಲಿಲ್ಲ.

ಒಂದು ಶುಕ್ರವಾರ ಲ್ಯಾಬಿನಲ್ಲಿ ಜನ ಇಲ್ಲದ ಹೊತ್ತು. ಹನ್ನೊಂದು ಗಂಟೆಯ ಉಂಡೆ ತಿಂದು ಒಂದು ತಾಸಾಗಿತ್ತು. ಏನನ್ನಿಸಿತೋ, ಕೈಗೆ ಪಟ್ಟಿ ಕಟ್ಟಿಕೊಂಡು ರಕ್ತ ತೆಗೆದಳು. ಕೊಲೆಸ್ಟ್ರಾಲ್ ನೋಡಿಬಿಡೋಣ ಅಂತ. ಕೊಳವೆಗೆ ಹೆಸರು ಬರೆಯಬೇಕಲ್ಲ; ತನ್ನ ಹೆಸರು ಬರೆದರೆ ಲ್ಯಾಬಿನ ಮಾಲೀಕ ಶರತ್ ನೋಡುತ್ತಾನೆ, ನೂರು ಪ್ರಶ್ನೆ ಕೇಳುತ್ತಾನೆ. ಯಾವುದೋ ಒಂದು ಹೆಸರು ಹಾಕೋಣ ಎಂದು ಪೆನ್ನು ಹಿಡಿದಾಗ ಬೇರೆ ಹೆಸರು ಬರಲಿಲ್ಲ. ‘ತಿಮ್ಮಯ್ಯ, 51’ ಎಂದು ಬರೆದಳು. ಬರೆದ ಮೇಲೆ ಅಳಿಸಬೇಕೆನಿಸಿತು. ಅಷ್ಟರಲ್ಲಿ ಒಂದು ಮಗುವನ್ನು ಎತ್ತಿಕೊಂಡು ಯಾರೋ ಬಂದರು. ಅವಳು ಕೊಳವೆಯನ್ನು ಯಂತ್ರಕ್ಕೆ ಹಾಕಿ ಆ ಕಡೆ ಹೋದಳು.

ಯಂತ್ರ ಗಿರಗಿರ ತಿರುಗಿ ನಿಂತರೆ ಕೆಂಪು ಕೆಳಗಿಳಿದು ಮೇಲೆ ತಿಳಿಹಳದಿ ನೀರು ನಿಲ್ಲಬೇಕು. ಶರತ್ ಬೇರೆ ಸ್ಯಾಂಪಲ್ ತೆಗೆದುಕೊಳ್ಳಲು ಬಂದವನು ಆ ಕೊಳವೆಯನ್ನೂ ಕೈಗೆತ್ತಿಕೊಂಡ. ಟ್ಯೂಬ್‌ಲೈಟಿನ ಕಡೆ ಹಿಡಿದು ನೋಡಿದ. ಮೇಲಿನ ಭಾಗ ಬೆಳ್ಳಗೆ, ನೀರುಮಜ್ಜಿಗೆಯ ಹಾಗೆ ಇತ್ತು.

“ಉಷಾ ಮೇಡಂ, ಈ ತಿಮ್ಮಯ್ಯ ಯಾರು? ನೋಡಿ ಹೇಗಿದೆ. ಏನು ತಿಂದು ಬಂದಿದ್ದಾನೆ ಈ ಮನುಷ್ಯ?”

ಅವಳು ಕೊಳವೆ ನೋಡಿದಳು. ಇಂಥ ರಕ್ತ ಅವಳು ನೋಡದ್ದೇನಲ್ಲ, ವರ್ಷಕ್ಕೆ ಮೂರೋ ನಾಲ್ಕೋ ಬರುತ್ತವೆ. ಬಂದಾಗ ಇದೇ ಶರತ್ ಜೊತೆ ನಿಂತು ತಾನೂ ‘ಅಬ್ಬಾ’ ಎಂದಿದ್ದಾಳೆ.

ಶರತ್ ಪರೀಕ್ಷೆ ಮಾಡಿಯೇಬಿಟ್ಟ. ಕೊಲೆಸ್ಟ್ರಾಲ್ ಮುನ್ನೂರ ಮೂವತ್ತು ದಾಟಿತ್ತು. ಕೊಬ್ಬಿನ ಇನ್ನೊಂದು ಲೆಕ್ಕ, ಟ್ರೈಗ್ಲಿಸರೈಡ್, ಆರು ನೂರರ ಮೇಲಿತ್ತು.

“ಊಟ ಮಾಡಿ ಕೊಟ್ಟಿರಬೇಕು, ಆದ್ರೂ ಇದು ಜಾಸ್ತಿ. ಐವತ್ತೊಂದು ವರ್ಷ. ಫೋನ್ ನಂಬರ್ ಇದೆಯಾ? ಇವತ್ತೇ ಫೋನ್ ಮಾಡಿ ಡಾಕ್ಟರ್ ಹತ್ರ ಹೋಗಕ್ಕೆ ಹೇಳಿ ಮೇಡಂ. ಎದೆನೋವು ಏನಾದ್ರೂ ಇದೆಯಾ ಕೇಳಿ. ಲೇಟ್ ಮಾಡಬಾರದು.”

“ಹೇಳ್ತೀನಿ” ಎಂದಳು ಉಷಾರಾಣಿ. ರಿಪೋರ್ಟನ್ನು ಕೈಗೆ ತೆಗೆದುಕೊಂಡಳು. ಮೇಲೆ ಅಚ್ಚಾಗಿ ಬಂದಿತ್ತು: ತಿಮ್ಮಯ್ಯ, ಗಂಡು, ಐವತ್ತೊಂದು ವರ್ಷ. ಅಲ್ಲೇ ಸ್ಟೂಲಿನ ಮೇಲೆ ಕೂತು ಅತ್ತಳು. ಶರತ್ ಕಕ್ಕಾಬಿಕ್ಕಿಯಾಗಿ ನೀರು ತಂದುಕೊಟ್ಟ. ಆಗ ಎಲ್ಲವನ್ನೂ ಹೇಳಿದಳು: ರಕ್ತ ತನ್ನದು, ಹೆಸರು ಅಪ್ಪನದು, ಬೆಣ್ಣೆ ಫ್ರಿಜ್ಜಿನಲ್ಲಿದೆ ಎಂದು.

ಶರತ್ ಬೈಯಲಿಲ್ಲ. ಫ್ರಿಜ್ಜು ತೆಗೆದು ಡಬ್ಬಿ ನೋಡಿ ಬಾಗಿಲು ಹಾಕಿದ. “ಮನೆಗೆ ಹೋಗಿ ಮೇಡಂ. ಸೋಮವಾರ ಖಾಲಿ ಹೊಟ್ಟೇಲಿ ಬನ್ನಿ, ನಿಮ್ಮ ಹೆಸರಲ್ಲೇ ಮಾಡೋಣ. ಹಾಸನದಲ್ಲಿ ಒಬ್ಬರು ಹೃದಯದ ಡಾಕ್ಟರ್ ಇದ್ದಾರೆ, ನಾನೇ ಟೈಮ್ ತಗೋತೀನಿ” ಎಂದ.

ಅವಳು ಮನೆಗೆ ಹೋಗಲಿಲ್ಲ. ಹಳೇಬೀಡಿನ ಬಸ್ಸು ಹತ್ತಿದಳು.

ಅವ್ವ ಜಾನಕಮ್ಮ ತಮ್ಮ ಅರುಣ್‌ಕುಮಾರನ ಮನೆಯಲ್ಲಿ ಇದ್ದಳು. ಅರುಣ ಗೂಡ್ಸ್ ಆಟೊ ಓಡಿಸುತ್ತಿದ್ದ, ಬಾಡಿಗೆಗೆ ಹೋಗಿದ್ದ. ಅವನ ಹೆಂಡತಿ ಸ್ವಸಹಾಯ ಸಂಘದ ಮೀಟಿಂಗಿಗೆ ಹೋಗಿದ್ದಳು. ಜಗಲಿಯ ಮೇಲೆ ಅವರೆಕಾಯಿ ಬಿಡಿಸುತ್ತಿದ್ದ ಜಾನಕಮ್ಮ, ಹೇಳದೆ ಕೇಳದೆ ಬಂದ ಮಗಳನ್ನು ನೋಡಿ ಮೊರ ಬದಿಗಿಟ್ಟಳು.

“ಏನೇ, ಇಷ್ಟು ಸೊರಗಿದೀಯ? ಏನಾದ್ರೂ ತಿಂತೀಯೋ ಇಲ್ವೋ?”

ಉಷಾರಾಣಿ ರಿಪೋರ್ಟನ್ನು ತೋರಿಸಿದಳು. ಜಾನಕಮ್ಮನಿಗೆ ಓದಲು ಬರುತ್ತಿತ್ತು. ಗಂಡನ ಹೆಸರಿನ ಮೇಲೆ ಬೆರಳಿಟ್ಟವಳು ಬೆರಳು ತೆಗೆಯಲಿಲ್ಲ.

“ಇದು ಎಲ್ಲಿ ಸಿಕ್ತು ನಿಂಗೆ?”

“ಸಿಕ್ಕಿದ್ದಲ್ಲ ಅವ್ವ, ನನ್ನ ರಕ್ತ ಅದು. ಹೆಸರು ಸುಮ್ನೆ ಬರೆದೆ.” ಅವ್ವನ ಮುಖ ಬಿಳಿಚಿದ್ದು ನೋಡಿ ಅವಳಿಗೆ ಅರ್ಥವಾಗಲಿಲ್ಲ. “ಯಾಕವ್ವ? ಎಲ್ಲಿ ಸಿಕ್ತು ಅಂತ ಯಾಕೆ ಕೇಳ್ದೆ?”

ಜಾನಕಮ್ಮ ಅವರೆಕಾಯಿಯ ಸಿಪ್ಪೆಯನ್ನು ಕೈಯಿಂದ ಒಂದು ಕಡೆಗೆ ಗುಡ್ಡೆ ಮಾಡಿದಳು.

“ನಿಮ್ಮಪ್ಪನ ಅಂಗಿ ಜೇಬಲ್ಲಿ ಒಂದು ಚೀಟಿ ಇತ್ತು ಕಣೆ. ಹೋಗೋಕೆ ಮೂರು ತಿಂಗಳು ಮುಂಚೆ. ಒಗೆಯಾಕೆ ಹಾಕ್ವಾಗ ಸಿಕ್ತು. ಅರಸೀಕೆರೇಲಿ ಎದೆ ಹಿಡ್ಕಂಡಂಗಾಯ್ತು ಅಂತ ಯಾರೋ ಡಾಕ್ಟ್ರಿಗೆ ತೋರ್ಸಿದ್ರಂತೆ. ರಕ್ತ ಟೆಸ್ಟ್ ಮಾಡ್ಸು, ಬೆಣ್ಣೆ ತುಪ್ಪ ಬಿಡು ಅಂತ ಬರೆದುಕೊಟ್ಟಿದ್ರು. ನಾನು ಕೇಳ್ದೆ. ದೀಪಾವಳಿ ಕಳೀಲಿ, ಈಗ ಮಿಠಾಯಿಯೋರಿಗೆ ಬೆಣ್ಣೆ ಒದಗಿಸಬೇಕು, ಆಮೇಲೆ ಹೋಗ್ತೀನಿ ಅಂದ್ರು. ಮಗಳೇ ಅದೇ ಕೆಲ್ಸಕ್ಕೆ ಸೇರವ್ಳಲ್ಲ, ಅವಳ ಹತ್ರನೇ ಹೋಗಿ ಅಂದೆ. ಅದಕ್ಕೆ...”

“ಅದಕ್ಕೆ ಏನಂದ್ರು?”

“ಬ್ಯಾಡ ಜಾನಕಿ, ಅವಳಿಗೆ ಹೇಳಬ್ಯಾಡ. ಹೊಸ ಕೆಲಸ. ನಾನು ಹೋಗಿ ಕೈ ನೀಡಿದ್ರೆ ಹುಡುಗಿ ಕೈ ನಡುಗ್ತದೆ ಅಂದ್ರು. ಆಣೆ ಹಾಕಿಸ್ಕಂಡ್ರು. ನಾನೂ ಬಾಯಿ ಮುಚ್ಕಂಡೆ. ಹೋದ್ಮೇಲೆ ಚೀಟೀನ ಒಲೆಗೆ ಹಾಕ್ದೆ. ಈಗ ಹೇಳಿ ಏನು ಉಪಯೋಗ ಅಂತ.”

ಬೀದಿಯಲ್ಲಿ ದೇವಸ್ಥಾನ ನೋಡಲು ಬಂದ ಯಾವುದೋ ಸ್ಕೂಲಿನ ಮಕ್ಕಳ ಸಾಲು ಗಲಾಟೆ ಮಾಡುತ್ತ ಹೋಯಿತು. ಉಷಾರಾಣಿಗೆ ಮೊದಲು ಬಂದದ್ದು ಸಿಟ್ಟು. ಇಪ್ಪತ್ತೊಂದು ವರ್ಷ ಈ ಹೆಂಗಸು ಹೇಳದೆ ಹೇಗೆ ಇದ್ದಳು? ಅಪ್ಪ ಎನ್ನುವವನಿಗೆ ಮಗಳ ಮೇಲೆ ಅಷ್ಟೂ ನಂಬಿಕೆ ಇರಲಿಲ್ಲವೇ? ಕೇಳಬೇಕೆಂದು ಬಾಯಿ ತೆರೆದರೆ ಹೊರಬಂದದ್ದು ಬೇರೆ ಮಾತು.

“ನನ್ನ ಕೈ ನಡುಗ್ತಿರಲಿಲ್ಲ ಅವ್ವ.”

“ಗೊತ್ತು ಮಗ” ಎಂದಳು ಜಾನಕಮ್ಮ. “ಅವರಿಗೂ ಗೊತ್ತಿತ್ತು. ಹೆದರಿಕೆ ಇದ್ದಿದ್ದು ಅವರಿಗೆ. ಟೆಸ್ಟ್ ಮಾಡಿಸಿದ್ರೆ ಬೆಣ್ಣೆ ಬಿಡಬೇಕಾಯ್ತದೆ, ಬೆಣ್ಣೆ ಬಿಟ್ರೆ ನಾನ್ಯಾರು ಅನ್ನೋರು.” ಆಮೇಲೆ ಸೆರಗಿನಿಂದ ಮುಖ ಒರೆಸಿಕೊಂಡು ಗಟ್ಟಿ ದನಿಯಲ್ಲಿ ಹೇಳಿದಳು: “ನೀನು ಹಂಗೆ ಮಾಡಬ್ಯಾಡ. ನಾನು ಈ ಸಲ ಸುಮ್ನಿರಾಕಿಲ್ಲ. ನಿನ್ನ ಗಂಡಂಗೆ ಈಗ್ಲೇ ಫೋನ್ ಮಾಡು. ಇಲ್ದಿದ್ರೆ ನಾನೇ ಮಾಡ್ತೀನಿ.”

ಚಿದಂಬರ ಅಂಗಡಿ ಮುಚ್ಚಿ ಬೈಕಿನಲ್ಲಿ ಬಂದ. ಬೆಣ್ಣೆಯ ವಿಷಯ, ಫ್ರಿಜ್ಜಿನ ವಿಷಯ, ಎದೆಯ ಮೇಲೆ ಅಂಗೈ ಇಟ್ಟಂತಾಗುವ ವಿಷಯ ಎಲ್ಲ ಅತ್ತೆಯ ಎದುರಿಗೇ ಕೇಳಿದ. “ಮೆಟ್ಟಿಲು ಹತ್ತುವಾಗ ನಿಂತ್ಕೋತಿದ್ದೆ, ನಾನು ನೋಡಿದ್ದೆ. ಕೇಳಬೇಕಿತ್ತು, ಕೇಳಲಿಲ್ಲ” ಎಂದ. ಅವನ ಬಾಯಲ್ಲಿ ಅಷ್ಟು ಉದ್ದದ ಮಾತು ಬಂದದ್ದೇ ಹೆಚ್ಚು.

ಸೋಮವಾರ ಖಾಲಿ ಹೊಟ್ಟೆಯಲ್ಲಿ ಮತ್ತೆ ರಕ್ತ ಕೊಟ್ಟಳು. ಸೂಜಿ ಹಾಕಿದವನು ಶರತ್. ಈ ಸಲ ಕೊಳವೆ ಅಷ್ಟು ಬೆಳ್ಳಗಿರಲಿಲ್ಲ, ಸ್ವಲ್ಪ ಮಬ್ಬು. ಟ್ರೈಗ್ಲಿಸರೈಡ್ ಅರ್ಧಕ್ಕಿಂತ ಕೆಳಗಿಳಿದಿತ್ತು. ಆದರೆ ಕೆಟ್ಟ ಕೊಲೆಸ್ಟ್ರಾಲ್ ಇನ್ನೂರು ದಾಟಿತ್ತು. ಹಾಸನದ ಡಾಕ್ಟರ್ ಐವತ್ತರ ಆಸುಪಾಸಿನ ಹೆಂಗಸು. ಇಸಿಜಿ ಮಾಡಿಸಿ, ಓಡುವ ಯಂತ್ರದ ಮೇಲೆ ನಡೆಸಿ, ಎಲ್ಲ ಕಾಗದ ಹರಡಿಕೊಂಡರು.

“ಹೃದಯಕ್ಕೆ ಸದ್ಯ ದೊಡ್ಡ ತೊಂದರೆ ಕಾಣ್ತಿಲ್ಲ. ಸಕ್ಕರೆ ಚೆನ್ನಾಗಿ ಇಳಿಸಿದ್ದೀರಿ, ಅದನ್ನ ನಾನು ತಪ್ಪು ಅನ್ನಲ್ಲ. ಆದ್ರೆ ಅನ್ನ ಬಿಟ್ಟ ಜಾಗಕ್ಕೆ ಬೆಣ್ಣೆ ತುಂಬಿಸಿದ್ರಿ. ಕೆಲವರ ದೇಹ ಅದನ್ನ ತಡ್ಕೊಳ್ಳುತ್ತೆ, ನಿಮ್ಮದು ತಡೀತಿಲ್ಲ. ಮನೇಲಿ ಯಾರಿಗಾದ್ರೂ ಚಿಕ್ಕ ವಯಸ್ಸಲ್ಲಿ ಹೃದಯದ ಕಾಯಿಲೆ?”

“ನಮ್ಮಪ್ಪ. ಐವತ್ತೊಂದಕ್ಕೆ.” ಇಷ್ಟು ವರ್ಷ ‘ದುಡಿದು ಹೋದರು’ ಎನ್ನುತ್ತಿದ್ದವಳು ಮೊದಲ ಸಲ ಹೀಗೆ ಹೇಳಿದಳು.

ಡಾಕ್ಟರ್ ಪೆನ್ನು ಕೆಳಗಿಟ್ಟು ಅವಳನ್ನು ನೋಡಿದರು. “ಹಾಗಾದ್ರೆ ಇದನ್ನ ಮೊದಲೇ ಹೇಳಬೇಕಿತ್ತು. ಅಣ್ಣ ತಮ್ಮ ಇದ್ದರೆ ಅವರದ್ದೂ ನೋಡಿಸಿ, ಮಗಳದ್ದೂ ನೋಡಿಸಿ.” ಒಂದು ಮಾತ್ರೆ ಬರೆದರು. ಬೆಣ್ಣೆ, ಕೆನೆ ನಿಲ್ಲಿಸಿ. ತುಪ್ಪ ಒಗ್ಗರಣೆಗೆ ಮಾತ್ರ. ದಿನಕ್ಕೊಂದು ಬಟ್ಟಲು ಮೊಸರು, ಬೇಕಾದಷ್ಟು ನೀರುಮಜ್ಜಿಗೆ. ಮಧ್ಯಾಹ್ನ ಒಂದು ಚಿಕ್ಕ ಮುದ್ದೆ, ಸೊಪ್ಪಿನ ಸಾರು ಜಾಸ್ತಿ. “ಹಾಲಿನ ಕಾಫಿ?” ಎಂದು ಉಷಾರಾಣಿ ಕೇಳಿದಾಗ ಡಾಕ್ಟರ್ ನಕ್ಕರು. “ಬೆಳಿಗ್ಗೆ ಅರ್ಧ ಲೋಟ. ಸಕ್ಕರೆ ಇಲ್ಲದೆ.”

ಎಲ್ಲಕ್ಕಿಂತ ಕಷ್ಟವಾದದ್ದು ಹನುಮಮ್ಮನಿಗೆ ಹೇಳುವುದು. ಫೋನಿನಲ್ಲಿ ಹೇಳಲು ಮನಸ್ಸಾಗದೆ ಭಾನುವಾರ ಅವ್ವನನ್ನೂ ಕರೆದುಕೊಂಡು ಗೆಂಡೆಹಳ್ಳಿಗೆ ಹೋದಳು. ಹನುಮಮ್ಮ ಆಗಲೇ ಕಡೆದು, ಉಂಡೆ ಕಟ್ಟಿ ಇಟ್ಟಿದ್ದಳು. ವಿಷಯ ಕೇಳಿದವಳು ಎದೆಯ ಮೇಲೆ ಕೈಯಿಟ್ಟುಕೊಂಡಳು.

“ಅಯ್ಯೋ ಶಿವನೇ. ನನ್ನ ಕೈಯಾರೆ ನಿಂಗೆ ಕೆಟ್ಟದ್ದು ತಿನ್ಸುದ್ನಾ? ನಿಮ್ಮಪ್ಪಂಗೂ ನಾನೇ ತಿನ್ಸಿದ್ದು.”

“ಹಂಗಂದ್ಕಬ್ಯಾಡ ಕಣಕ್ಕ” ಎಂದಳು ಜಾನಕಮ್ಮ. “ನೀನು ಪ್ರೀತಿಯಿಂದ ಕೊಟ್ಟೆ. ಎಷ್ಟು ತಿನ್ಬೇಕು ಅಂತ ತಿನ್ನೋರು ನೋಡ್ಕಬೇಕಿತ್ತು. ನಾನು ಮನೇಲಿದ್ದೋಳು, ನಾನೇ ತಡೀನಿಲ್ಲ.”

ಇಬ್ಬರು ಮುದುಕಿಯರೂ ಒಬ್ಬರನ್ನೊಬ್ಬರು ಅಂದು ಮೊದಲ ಸಲ ನೋಡಿದವರು. ಮಾತಿಗೆ ಕೂತರೆ ಮಧ್ಯಾಹ್ನವಾದರೂ ಏಳಲಿಲ್ಲ. ತಿಮ್ಮಯ್ಯ ಸಂತೆಯಲ್ಲಿ ಏನು ಹೇಳುತ್ತಿದ್ದ, ಮನೆಯಲ್ಲಿ ಏನು ಹೇಳುತ್ತಿದ್ದ ಎಂದು ಒಬ್ಬರಿಗೊಬ್ಬರು ಹೇಳಿಕೊಂಡು, ಕೆಲವು ಕಡೆ ತಾಳೆಯಾಗದೆ ಜಗಳವಾಡಿ, ನಕ್ಕರು. ಉಷಾರಾಣಿ ಒಂದು ಚೊಂಬು ಮಜ್ಜಿಗೆ ಕುಡಿಯುತ್ತ ಕೇಳುತ್ತಿದ್ದಳು. ಎಲೆಯ ಮೇಲಿನ ಉಂಡೆಯ ಕಡೆ ಕಣ್ಣು ಹೋಗಲಿಲ್ಲ ಎಂದರೆ ಸುಳ್ಳು. ಹನುಮಮ್ಮ ಅದನ್ನು ನೋಡಿ, ಉಂಡೆಯನ್ನು ಒಳಗೆ ಒಯ್ದು ಇಟ್ಟು ಬಂದಳು. ಅಷ್ಟಾದರೂ ಬರುವಾಗ, “ಮುಂದಿನ ಭಾನುವಾರಾನೂ ಬಾ, ಮಜ್ಜಿಗೆ ಯಾರೂ ಬ್ಯಾಡ ಅಂದಿಲ್ಲವಲ್ಲ” ಎಂದಳು.

ಮೂರು ತಿಂಗಳಾದ ಮೇಲೆ ಅಂಕಿಗಳು ಸುಧಾರಿಸಿದವು, ಪೂರ್ತಿ ಸರಿಹೋಗಲಿಲ್ಲ. ಸಕ್ಕರೆ ಸ್ವಲ್ಪ ಏರಿ ಆರು ಪಾಯಿಂಟ್ ಏಳಕ್ಕೆ ನಿಂತಿತು. ಒಂದನ್ನು ಒತ್ತಿದರೆ ಇನ್ನೊಂದು ಏಳುತ್ತದೆ ಎಂದು ಅವಳು ಶರತ್ ಹತ್ತಿರ ಗೊಣಗಿದಳು. ಚೈತನ್ಯಳ ರಕ್ತ ಚೆನ್ನಾಗಿತ್ತು. ಅವ್ವ ಹಟ ಹಿಡಿದಿದ್ದರಿಂದ ಕೊನೆಗೆ ತಮ್ಮ ಅರುಣನೂ ಒಂದು ಬೆಳಿಗ್ಗೆ ಗೂಡ್ಸ್ ಆಟೊವನ್ನು ಲ್ಯಾಬಿನ ಮುಂದೆ ನಿಲ್ಲಿಸಿದ. ನಲವತ್ತಮೂರು ವರ್ಷದ ಗಂಡಸು ಕುರ್ಚಿಯಲ್ಲಿ ಕೂತು, ಸೂಜಿ ನೋಡಿ ಮುಖ ಆ ಕಡೆ ತಿರುಗಿಸಿದ.

“ಅಕ್ಕ, ನಂಗೂ ಮೂಟೆ ಎತ್ತುವಾಗ ಎದೆ ಹಿಡಿದಂಗಾಗ್ತದೆ. ಯಾರಿಗೂ ಹೇಳಿಲ್ಲ” ಎಂದ ಮೆಲ್ಲಗೆ.

“ಈಗ ಹೇಳಿದ್ಯಲ್ಲ. ಮುಷ್ಟಿ ಬಿಗಿ ಹಿಡಿ.”

ಅವಳು ಪಟ್ಟಿ ಕಟ್ಟಿ, ಮೊಣಕೈಯ ಮಡಿಕೆಯಲ್ಲಿ ಬೆರಳಿಟ್ಟು ನರ ಹುಡುಕಿದಳು. ಅರುಣ ಕಣ್ಣು ಬಿಗಿಯಾಗಿ ಮುಚ್ಚಿಕೊಂಡಿದ್ದ. ಕೊಳವೆ ತುಂಬಿದ ಮೇಲೆ ಹತ್ತಿ ಒತ್ತಿ ಹಿಡಿಸಿ, “ಆಯ್ತು” ಎಂದಳು.

“ಆಯ್ತಾ? ಚುಚ್ಚಿದ್ಯಾ?”

“ಆಗಲೇ ಆಯ್ತು ಕಣೋ.”

ಅವನು ಕಣ್ಣು ಬಿಟ್ಟು ಕೊಳವೆ ನೋಡಿದ. ಹೊಟ್ಟೆ ಹಸಿದಿದೆ ಎಂದ. ಉಷಾರಾಣಿ ಕೊಳವೆಯ ಮೇಲೆ ಅವನ ಹೆಸರನ್ನೂ ವಯಸ್ಸನ್ನೂ ನಿಧಾನವಾಗಿ, ಸ್ಪಷ್ಟವಾಗಿ ಬರೆದು, ಶರತ್ ಕೈಗೆ ಕೊಟ್ಟು, ತಮ್ಮನನ್ನು ತಿಂಡಿಗೆ ಕರೆದುಕೊಂಡು ಹೊರಟಳು.